ಬಿಕೋ ಎನ್ನುವ ಅಂಗಡಿ ಸಾಲಿಗೆ ಒಳ್ಳೆಯ ವ್ಯಾಪಾರ ಬರುವುದು ಹೇಗೆ?

ಅಮೆರಿಕದ ಯಾವ ನಗರದಿಂದ ಹೊರವಲಯದ ಕಡೆ ಹೊರಟರೂ ಒಂದೇ ಬಗೆಯ ರಸ್ತೆ ಎದುರಾಗುತ್ತದೆ. ಐದೋ ಏಳೋ ಲೇನುಗಳು, ಎರಡೂ ಬದಿಯಲ್ಲಿ ಒಂದೇ ಅಂತಸ್ತಿನ ಉದ್ದನೆಯ ಅಂಗಡಿ ಸಾಲು, ಅದರ ಮುಂದೆ ಅಂಗಡಿಗಿಂತ ದೊಡ್ಡದಾದ ಡಾಂಬರಿನ ಪಾರ್ಕಿಂಗ್ ಬಯಲು. ಇದನ್ನೇ ಅಲ್ಲಿಯವರು ಸ್ಟ್ರಿಪ್ ಎನ್ನುತ್ತಾರೆ. 1960–70ರ ದಶಕಗಳಲ್ಲಿ ಕಟ್ಟಿದ ಇಂಥ ಸಾಲುಗಳಲ್ಲಿ ಹಲವು ಈಗ ಸೊರಗಿವೆ. ಮೂಲೆಯಲ್ಲಿದ್ದ ಸೂಪರ್ ಮಾರ್ಕೆಟ್ ಮುಚ್ಚಿದೆ. ಉಳಿದಿರುವುದು ಒಂದು ಗಿರವಿ ಅಂಗಡಿ, ಮುಂದಿನ ಸಂಬಳದ ಮೇಲೆ ದುಬಾರಿ ಬಡ್ಡಿಗೆ ಸಾಲ ಕೊಡುವ ಕೌಂಟರ್, ಹಳೆ ಟೈರಿನ ಅಂಗಡಿ. ನಡುನಡುವೆ ಬೀಗ ಹಾಕಿದ ಮಳಿಗೆಗಳು.

ಸುತ್ತಮುತ್ತಲಿನ ನಿವಾಸಿಗಳು ನಗರಸಭೆಗೆ ಬಂದು ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ: ನಮ್ಮ ಕಡೆಗೆ ಒಳ್ಳೆಯ ಅಂಗಡಿ ಯಾಕೆ ಬರುವುದಿಲ್ಲ? ತಾಜಾ ತರಕಾರಿ ಸಿಗುವ ಜಾಗ, ಮನೆಮಂದಿ ಕೂತು ಊಟ ಮಾಡುವಂಥ ಹೋಟೆಲು, ಒಂದು ಕಾಫಿ ಅಂಗಡಿ, ಇಷ್ಟೂ ಬೇಡವೇ? ಆಡಳಿತದವರು ಸಾಮಾನ್ಯವಾಗಿ ಮಾಡುವುದು ಅಲಂಕಾರದ ದೀಪದ ಕಂಬ, ಬಣ್ಣದ ಬ್ಯಾನರು, ಹೂಕುಂಡ. ಕಂಬಗಳು ಬರುತ್ತವೆ, ಅಂಗಡಿಗಳು ಬರುವುದಿಲ್ಲ. ಯಾಕೆಂದರೆ ಒಂದು ಸಾಲಿನಲ್ಲಿ ಯಾವ ಅಂಗಡಿ ಇರಬೇಕು ಎಂದು ಕೊನೆಗೆ ತೀರ್ಮಾನಿಸುವುದು ಬಾಡಿಗೆಯ ಲೆಕ್ಕ, ಪಾರ್ಕಿಂಗ್ ನಿಯಮ, ರಸ್ತೆಯ ವೇಗ, ಜಮೀನಿನ ಒಡೆತನ. ಈ ನಾಲ್ಕನ್ನು ಮುಟ್ಟದೆ ಸುಣ್ಣಬಣ್ಣ ಬಳಿದರೆ ಹಣ ಖರ್ಚಾಗುತ್ತದೆ, ಅಷ್ಟೇ.

ಕಟ್ಟಿದ್ದೇ ಹೀಗೆ

ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಎಂದು ಭೂಮಿಯನ್ನು ಗೆರೆ ಎಳೆದು ವಿಂಗಡಿಸಬಹುದು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 1926ರಲ್ಲಿ, ಓಹಾಯೋದ ಯೂಕ್ಲಿಡ್ ಊರಿನ ಮೊಕದ್ದಮೆಯಲ್ಲಿ. ಎರಡನೆಯ ಮಹಾಯುದ್ಧದ ನಂತರ ಉಪನಗರಗಳು ಬೆಳೆದಾಗ ನಗರಯೋಜಕರು ಮುಖ್ಯರಸ್ತೆಯ ಎರಡೂ ಬದಿಯ ಪಟ್ಟಿಯನ್ನು ಮೈಲಿಗಟ್ಟಲೆ ‘ವಾಣಿಜ್ಯ’ ಎಂದು ಬರೆದುಬಿಟ್ಟರು. 1954ರ ತೆರಿಗೆ ಕಾನೂನು ಹೊಸ ವಾಣಿಜ್ಯ ಕಟ್ಟಡದ ಸವಕಳಿಯನ್ನು, ಅಂದರೆ ಹಳೆಯದಾಗುತ್ತ ಅದು ಕಳೆದುಕೊಳ್ಳುವ ಬೆಲೆಯನ್ನು, ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಲು ಅವಕಾಶ ಕೊಟ್ಟಿತು. ಅಗ್ಗವಾಗಿ ಕಟ್ಟು, ತೆರಿಗೆ ಲಾಭ ತೆಗೆದುಕೋ, ಮಾರು, ಮುಂದಿನ ಕೂಡುರಸ್ತೆಯಲ್ಲಿ ಮತ್ತೊಂದು ಕಟ್ಟು: ಹೂಡಿಕೆದಾರರಿಗೆ ಇದು ಲಾಭದ ದಾರಿಯಾಯಿತು. ಕಟ್ಟಿದವರು ನೂರು ವರ್ಷದ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಹಾಗಾಗಿ ಈ ಸಾಲುಗಳು ಮುದಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಮೇಲೆ ಅತಿಯಾದ ಕಟ್ಟಡ. ಶಾಪಿಂಗ್ ಸೆಂಟರುಗಳ ಲೆಕ್ಕದಲ್ಲಿ ಅಮೆರಿಕದಲ್ಲಿ ತಲೆಗೆ ಸುಮಾರು 23 ಚದರ ಅಡಿ ಅಂಗಡಿ ಜಾಗ ಇದೆ. ಬ್ರಿಟನ್ನಿನಲ್ಲಿ ಅದರ ಕಾಲುಭಾಗವೂ ಇಲ್ಲ. ಕೊಳ್ಳುವ ಕೈಗಳಿಗಿಂತ ಅಂಗಡಿಗಳೇ ಜಾಸ್ತಿಯಾದ ಮೇಲೆ ಪ್ರತಿ ಹೊಸ ಮಾಲು ಹಳೆಯ ಸಾಲಿನ ಗಿರಾಕಿಯನ್ನೇ ಎಳೆದುಕೊಳ್ಳುತ್ತದೆ. ಆನ್‌ಲೈನ್ ವ್ಯಾಪಾರ ಬರುವ ಮೊದಲೇ ಈ ರೋಗ ಇತ್ತು. ಅದು ಬಂದು ಕಾಯಿಲೆಯನ್ನು ಇನ್ನಷ್ಟು ಕೆದಕಿತು.

ಖಾಲಿ ಇದ್ದರೂ ಬಾಡಿಗೆ ಇಳಿಯುವುದಿಲ್ಲ, ಯಾಕೆ?

ನಿವಾಸಿಗಳಿಗೆ ಅತಿ ಹೆಚ್ಚು ಸಿಟ್ಟು ತರಿಸುವ ವಿಷಯ ಇದು. ಮೂರು ವರ್ಷದಿಂದ ಖಾಲಿ ಬಿದ್ದ ಮಳಿಗೆಯ ಮಾಲೀಕ ಬಾಡಿಗೆ ಇಳಿಸಲು ಒಪ್ಪುವುದಿಲ್ಲ. ದುರಾಸೆ ಎಂದು ಜನ ಬೈಯುತ್ತಾರೆ. ಆದರೆ ಅವನ ಕಾಗದಪತ್ರ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಬಾಡಿಗೆ ಕಟ್ಟಡದ ಬೆಲೆಯನ್ನು ಅದರ ಇಟ್ಟಿಗೆ, ಸಿಮೆಂಟಿನಿಂದ ಅಳೆಯುವುದಿಲ್ಲ. ವರ್ಷಕ್ಕೆ ಬರುವ ನಿವ್ವಳ ಆದಾಯವನ್ನು, ಕೊಳ್ಳುವವರು ತಮ್ಮ ಹಣಕ್ಕೆ ನಿರೀಕ್ಷಿಸುವ ವಾರ್ಷಿಕ ಗಳಿಕೆಯ ದರದಿಂದ ಭಾಗಿಸಿ ಅಳೆಯುತ್ತಾರೆ. ಆ ದರ ಶೇಕಡ 8 ಎಂದಿಟ್ಟುಕೊಳ್ಳಿ. ಒಂದು ಮಳಿಗೆಯ ಬಾಡಿಗೆಯನ್ನು ವರ್ಷಕ್ಕೆ 10,000 ಡಾಲರ್ ಇಳಿಸಿದರೆ ಇಡೀ ಆಸ್ತಿಯ ಬೆಲೆ 1,25,000 ಡಾಲರ್ ಕುಸಿಯುತ್ತದೆ. ಆ ಬೆಲೆಯ ಆಧಾರದ ಮೇಲೆ ಬ್ಯಾಂಕು ಸಾಲ ಕೊಟ್ಟಿದೆ. ಬೆಲೆ ಇಷ್ಟಕ್ಕಿಂತ ಇಳಿಯಬಾರದು ಎಂಬ ಷರತ್ತು ಸಾಲದ ಕರಾರಿನಲ್ಲೇ ಇರಬಹುದು. ಮಳಿಗೆ ಖಾಲಿ ಇದ್ದಾಗಲಾದರೋ ‘ಇಷ್ಟು ಬಾಡಿಗೆಗೆ ಹೋಗಬಹುದು’ ಎಂದು ಹಳೆಯ ಅಂಕಿಯನ್ನೇ ತೋರಿಸಿಕೊಂಡು ದಿನ ದೂಡಬಹುದು. ಕಡಿಮೆ ಬಾಡಿಗೆಯ ಕರಾರಿಗೆ ಸಹಿ ಹಾಕಿದ ದಿನ ನಷ್ಟ ಕಾಗದದ ಮೇಲೆ ಗಟ್ಟಿಯಾಗುತ್ತದೆ. ಅದರ ಜೊತೆಗೆ ಉಳಿದ ಬಾಡಿಗೆದಾರರೂ ನಮಗೂ ಇಳಿಸಿ ಎಂದು ಬಂದು ನಿಲ್ಲುತ್ತಾರೆ.

ಹಾಗಾಗಿ ಬಾಡಿಗೆಯ ಅಂಕಿಯನ್ನು ಹಾಗೇ ಬಿಟ್ಟು ಬೇರೆ ದಾರಿಯಿಂದ ಹೊಸ ವ್ಯಾಪಾರಿಯ ಹೊರೆ ಇಳಿಸುವ ಉಪಾಯಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಮೊದಲ ಆರು ತಿಂಗಳು ಬಾಡಿಗೆ ಬೇಡ ಎನ್ನುವುದು ಒಂದು. ಒಳಗಿನ ಪ್ಲಂಬಿಂಗು, ಹೊಗೆ ಕೊಳವೆ, ವಿದ್ಯುತ್ ಕೆಲಸಕ್ಕೆ ಮಾಲೀಕ ಒಂದಷ್ಟು ಹಣ ಹಾಕುವುದು ಇನ್ನೊಂದು. ಸಣ್ಣ ಮೂಲ ಬಾಡಿಗೆ ಇಟ್ಟು, ವಹಿವಾಟು ಒಂದು ಮಟ್ಟ ದಾಟಿದ ಮೇಲೆ ಅದರಲ್ಲಿ ಪಾಲು ತೆಗೆದುಕೊಳ್ಳುವುದು ಮತ್ತೊಂದು. ಈ ಕೊನೆಯದು ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ, ಯಾಕೆಂದರೆ ಅಂಗಡಿ ನಡೆದರೆ ಮಾತ್ರ ಮಾಲೀಕನಿಗೆ ಲಾಭ. ಅವನೂ ಬೀದಿಯ ಬಗ್ಗೆ ಕಾಳಜಿ ವಹಿಸಬೇಕಾಗುತ್ತದೆ. ಇದ್ಯಾವುದಕ್ಕೂ ಒಪ್ಪದೆ ಬೀಗ ಹಾಕಿಕೊಂಡೇ ಕೂತವರಿಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಮತದಾರರು 2020ರಲ್ಲಿ ಖಾಲಿ ಮಳಿಗೆ ತೆರಿಗೆಯನ್ನು ಒಪ್ಪಿಕೊಂಡರು: ಬೀದಿಗೆ ಮುಖ ಮಾಡಿದ ಪ್ರತಿ ಅಡಿಗೆ ಮೊದಲ ವರ್ಷ 250 ಡಾಲರ್, ಎರಡನೆಯ ವರ್ಷ 500, ಆಮೇಲೆ 1,000.

ಮುಚ್ಚಿದ ಸೂಪರ್ ಮಾರ್ಕೆಟ್ಟಿನದು ಇನ್ನೂ ಜಟಿಲ ಕಥೆ. ದೊಡ್ಡ ಕಂಪನಿ ಎರಡು ಮೈಲಿ ಆಚೆ ಹೊಸ ಅಂಗಡಿ ತೆರೆದು ಹಳೆಯದನ್ನು ಮುಚ್ಚುತ್ತದೆ, ಆದರೆ ಬಾಡಿಗೆ ಕಟ್ಟುತ್ತಲೇ ಇರುತ್ತದೆ. ಪ್ರತಿಸ್ಪರ್ಧಿ ಆ ಜಾಗಕ್ಕೆ ಬರದಿರಲಿ ಎಂಬುದೇ ಅದರ ಉದ್ದೇಶ. ಕಟ್ಟಡ ಮಾರಿದರೂ ‘ಇಲ್ಲಿ ದಿನಸಿ ಮಾರಕೂಡದು’ ಎಂಬ ನಿರ್ಬಂಧವನ್ನು ಕ್ರಯಪತ್ರದಲ್ಲೇ ಬರೆಸಿರುತ್ತಾರೆ. ಆ ಅಂಗಡಿಗೆ ಬರುತ್ತಿದ್ದ ಜನರನ್ನು ನಂಬಿ ನಡೆಯುತ್ತಿದ್ದ ಡ್ರೈ ಕ್ಲೀನರು, ಔಷಧಿ ಅಂಗಡಿ, ಬೇಕರಿ ಒಂದೊಂದಾಗಿ ಬಾಗಿಲು ಹಾಕುತ್ತವೆ. ಕೆಲವು ಬಾಡಿಗೆದಾರರ ಕರಾರಿನಲ್ಲಿ ‘ದೊಡ್ಡ ಅಂಗಡಿ ಹೋದರೆ ನಮ್ಮ ಬಾಡಿಗೆ ಅರ್ಧ’ ಎಂಬ ಷರತ್ತೂ ಇರುತ್ತದೆ. ಆಗ ಮಾಲೀಕನ ಆದಾಯ ಒಂದೇ ಏಟಿಗೆ ಕುಸಿಯುತ್ತದೆ. ಆದ್ದರಿಂದ ಒಂದು ಊರು ಇಂಥ ಸಾಲನ್ನು ಎತ್ತಿ ನಿಲ್ಲಿಸಲು ಹೊರಟರೆ, ಮೊದಲು ಮಾಡಬೇಕಾದ ಕೆಲಸ ಯಾವ ಸುಂದರ ನಕ್ಷೆಯೂ ಅಲ್ಲ. ಪ್ರತಿ ತುಂಡು ಜಮೀನು ಯಾರದು, ಅದರ ಮೇಲೆ ಯಾವ ನಿರ್ಬಂಧ ಇದೆ, ಯಾವ ಕರಾರು ಯಾವಾಗ ಮುಗಿಯುತ್ತದೆ ಎಂದು ಒಂದು ಪಟ್ಟಿ ಮಾಡುವುದು.

ಪಾರ್ಕಿಂಗ್ ನಿಯಮ ಹೋಟೆಲನ್ನು ಹೇಗೆ ಓಡಿಸುತ್ತದೆ

ಉಪನಗರಗಳ ಕಾನೂನಿನಲ್ಲಿ ಸಾಮಾನ್ಯ ಅಂಗಡಿಗೆ ಪ್ರತಿ 1,000 ಚದರ ಅಡಿಗೆ ನಾಲ್ಕು ಪಾರ್ಕಿಂಗ್ ಜಾಗ, ಹೋಟೆಲಿಗೆ ಹತ್ತು ಎನ್ನುವಂಥ ನಿಯಮ ಸರ್ವೇಸಾಮಾನ್ಯ. ಕಾರು ಒಳಬಂದು ತಿರುಗಲು ಬೇಕಾದ ದಾರಿಯೂ ಸೇರಿದರೆ ಒಂದು ಕಾರಿಗೆ ಸುಮಾರು 325 ಚದರ ಅಡಿ ಬೇಕು. ಅಂದರೆ ಸಾಮಾನ್ಯ ಅಂಗಡಿಗೇ ಅದರ ನೆಲಕ್ಕಿಂತ ಹೆಚ್ಚು ಡಾಂಬರು ಹಾಸಬೇಕು.

ಈಗ 2,000 ಚದರ ಅಡಿಯ ಖಾಲಿ ಚಪ್ಪಲಿ ಅಂಗಡಿಯನ್ನು ತೆಗೆದುಕೊಳ್ಳಿ. ಅದಕ್ಕೆ ಎಂಟು ಪಾರ್ಕಿಂಗ್ ಜಾಗ ಲೆಕ್ಕಕ್ಕಿವೆ. ಒಬ್ಬಾಕೆ ಒಳ್ಳೆಯ ಅಡುಗೆಯವಳು, ಕೈಯಲ್ಲಿ ಒಂದಷ್ಟು ಉಳಿತಾಯ ಇಟ್ಟುಕೊಂಡು ಅಲ್ಲಿ ಊಟದ ಹೋಟೆಲು ತೆರೆಯಲು ಬರುತ್ತಾಳೆ. ನಿಯಮದ ಪ್ರಕಾರ ಈಗ ಇಪ್ಪತ್ತು ಜಾಗ ಬೇಕು. ಹೆಚ್ಚುವರಿ ಹನ್ನೆರಡು ಜಾಗಕ್ಕೆ 3,900 ಚದರ ಅಡಿ ಎಲ್ಲಿಂದ ತರುವುದು? ವಿನಾಯಿತಿಗೆ ಅರ್ಜಿ ಹಾಕಬೇಕು, ವಿಚಾರಣೆಗೆ ಕಾಯಬೇಕು, ಅಲ್ಲಿಯವರೆಗೆ ಬಾಡಿಗೆ ಮಾತ್ರ ಕಟ್ಟುತ್ತಿರಬೇಕು. ಅವಳು ಕೈಬಿಡುತ್ತಾಳೆ. ಅದೇ ಜಾಗಕ್ಕೆ ಸಂಬಳದ ಮೇಲೆ ಸಾಲ ಕೊಡುವವನು ಬಂದರೆ ಅಂಗಡಿಯ ಲೆಕ್ಕಕ್ಕೆ ಅಂಗಡಿ, ಒಂದು ಕಾಗದವೂ ಬದಲಾಗಬೇಕಿಲ್ಲ. ಸೋಮವಾರ ಬಂದು ಶುಕ್ರವಾರ ಬಾಗಿಲು ತೆರೆಯಬಹುದು. ಜನ ಬೇಡ ಎನ್ನುವ ಅಂಗಡಿಯನ್ನು ಅವರದೇ ಊರಿನ ನಿಯಮ ಕೈಹಿಡಿದು ಕರೆತಂದಂತಾಯಿತು. ಹೊರಗೆ ನೋಡಿದರೆ ಪಾರ್ಕಿಂಗ್ ಬಯಲಿನ ಮುಕ್ಕಾಲು ಭಾಗ ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಬಿದ್ದಿರುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ದಶಕಗಳ ಕಾಲ ಇದನ್ನೇ ಹೇಳುತ್ತ ಬಂದರು: ‘ಉಚಿತ’ ಪಾರ್ಕಿಂಗಿನ ಖರ್ಚು ಎಲ್ಲೂ ಹೋಗುವುದಿಲ್ಲ, ಅದು ಬಾಡಿಗೆಯಲ್ಲಿ, ಸಾಮಾನಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರ 2017ರಲ್ಲಿ ಕನಿಷ್ಠ ಪಾರ್ಕಿಂಗ್ ನಿಯಮವನ್ನೇ ತೆಗೆದುಹಾಕಿತು. ಕ್ಯಾಲಿಫೋರ್ನಿಯಾ 2022ರ ಕಾನೂನಿನಲ್ಲಿ ಪ್ರಮುಖ ಸಾರಿಗೆ ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ಇಂಥ ನಿಯಮ ಹೇರುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಪಾರ್ಕಿಂಗೇ ಬೇಡ ಎಂದು ಇದರ ಅರ್ಥವಲ್ಲ, ಎಷ್ಟು ಬೇಕೋ ಅಷ್ಟನ್ನು ವ್ಯಾಪಾರಿಯೇ ತೀರ್ಮಾನಿಸಲಿ ಎಂದಷ್ಟೇ. ನನ್ನನ್ನು ಕೇಳಿದರೆ, ಒಂದು ಪುರಸಭೆ ಕಾಸಿಲ್ಲದೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಒಂದು ನಿರ್ಣಯ ಅಂಗೀಕರಿಸಿದರೆ ಸಾಕು.

ಬಿಡುಗಡೆಯಾದ ಡಾಂಬರಿನ ಮೇಲೆ ಸಣ್ಣ ವ್ಯಾಪಾರ ಹುಟ್ಟಬಹುದು. ಮಿಷಿಗನ್‌ನ ಮಸ್ಕೀಗನ್ ಊರಿನಲ್ಲಿ 2017ರಲ್ಲಿ ಖಾಲಿ ನಿವೇಶನವೊಂದರ ಅಂಚಿನಲ್ಲಿ ಪುಟ್ಟ ಮರದ ಅಂಗಡಿಗಳನ್ನು ಸಾಲಾಗಿ ಇಟ್ಟು, ಬೇಸಿಗೆಯ ತಿಂಗಳುಗಳಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವರು ಅಲ್ಲಿ ವ್ಯಾಪಾರ ಕಲಿತರು, ಗಿರಾಕಿಗಳನ್ನು ಕಂಡುಕೊಂಡರು, ಕೆಲವರು ಆಮೇಲೆ ಪಕ್ಕದ ಪಕ್ಕಾ ಕಟ್ಟಡಗಳಿಗೆ ಹೋದರು.

ರಸ್ತೆಯ ವೇಗ

ಗಂಟೆಗೆ 45 ಮೈಲಿ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 66 ಅಡಿ ದಾಟುತ್ತದೆ. 25 ಅಡಿ ಅಗಲದ ಅಂಗಡಿಮುಖ ಅರ್ಧ ಸೆಕೆಂಡು ಕೂಡ ಕಣ್ಣಿಗೆ ಬೀಳುವುದಿಲ್ಲ, ಅದೂ 200 ಅಡಿ ಪಾರ್ಕಿಂಗಿನ ಆಚೆ. ಕಂಬದ ತುದಿಯಲ್ಲಿ ಮನೆಯಷ್ಟು ದೊಡ್ಡ ಬೋರ್ಡು ಹಾಕಬಲ್ಲವನೇ ಅಲ್ಲಿ ಬದುಕುತ್ತಾನೆ. ಕಿಟಕಿಯಲ್ಲಿ ಬ್ರೆಡ್ ಜೋಡಿಸಿಟ್ಟು ಗಿರಾಕಿಯನ್ನು ಸೆಳೆಯಬೇಕಾದ ಬೇಕರಿಯವನು ಸಾಯುತ್ತಾನೆ. ವೇಗ 20 ಮೈಲಿಗೆ ಇಳಿದರೆ ಸೆಕೆಂಡಿಗೆ 29 ಅಡಿ. ಕಿಟಕಿ ಕಾಣುತ್ತದೆ, ಒಳಗೆ ಕೂತ ಜನ ಕಾಣುತ್ತಾರೆ.

ದಿನಕ್ಕೆ 20,000 ವಾಹನಗಳೊಳಗೆ ಓಡಾಡುವ ನಾಲ್ಕು ಲೇನಿನ ರಸ್ತೆಯನ್ನು ಮೂರಕ್ಕೆ, ಅಂದರೆ ಆಚೆ ಈಚೆ ಒಂದೊಂದು, ನಡುವೆ ಎಡಕ್ಕೆ ತಿರುಗುವವರಿಗೆ ಒಂದು ಲೇನಿಗೆ ಇಳಿಸಬಹುದು ಎನ್ನುತ್ತದೆ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ. ಹಾಗೆ ಮಾಡಿದ ಕಡೆಗಳಲ್ಲಿ ಅಪಘಾತಗಳು ಶೇಕಡ 19ರಿಂದ 47ರವರೆಗೆ ಇಳಿದಿವೆ ಎಂದು ಅದೇ ಇಲಾಖೆ ದಾಖಲಿಸಿದೆ. ಉಳಿದ ಅಗಲ ಫುಟ್‌ಪಾತಿಗೆ, ಮರಕ್ಕೆ, ಸೈಕಲ್ಲಿಗೆ ಸಿಗುತ್ತದೆ.

ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮರುಭೂಮಿಯ ಅಂಚಿನಲ್ಲಿರುವ ಲ್ಯಾಂಕಾಸ್ಟರ್ ಇನ್ನೂ ಮುಂದೆ ಹೋಯಿತು. 2010ರಲ್ಲಿ ತನ್ನ ಮುಖ್ಯ ಬೀದಿಯ ಒಂಬತ್ತು ಬ್ಲಾಕುಗಳನ್ನು ಐದು ಲೇನಿನಿಂದ ಎರಡಕ್ಕೆ ಇಳಿಸಿ, ನಡುವಿನ ಜಾಗವನ್ನು ಮರಗಳ ನೆರಳಿನ ಅಂಗಳ ಮಾಡಿತು. ವಾರದ ಬಹುಪಾಲು ದಿನ ಅಲ್ಲಿ ಕಾರು ನಿಲ್ಲುತ್ತವೆ, ಸಂತೆಯ ದಿನ ಅಂಗಡಿ ಹೂಡುತ್ತಾರೆ. ಕೆಲಸ ಎಂಟೇ ತಿಂಗಳಲ್ಲಿ ಮುಗಿಯಿತು, ಸುಮಾರು 1.1 ಕೋಟಿ ಡಾಲರ್ ತಗಲಿತು. ಮುಂದಿನ ಎರಡು ವರ್ಷಗಳಲ್ಲಿ ಹತ್ತಾರು ಹೊಸ ವ್ಯಾಪಾರಗಳು ಬಂದವು, 2012ರಲ್ಲಿ ಫೆಡರಲ್ ಪರಿಸರ ಸಂಸ್ಥೆಯ ಪ್ರಶಸ್ತಿಯೂ ಬಂತು. ಗಮನಿಸಬೇಕಾದ್ದು ಏನೆಂದರೆ ಲ್ಯಾಂಕಾಸ್ಟರ್ ಯಾವ ಕಂಪನಿಯನ್ನೂ ಬೇಡಿಕೊಂಡು ಶುರುಮಾಡಲಿಲ್ಲ. ಬೀದಿಯನ್ನು ಮೊದಲು ಸರಿಮಾಡಿತು. ಎಲ್ಲ ಊರಿಗೂ ಇದು ಸುಲಭವಲ್ಲ. ಸ್ಟ್ರಿಪ್ ರಸ್ತೆಗಳು ಬಹಳಷ್ಟು ಕಡೆ ರಾಜ್ಯ ಹೆದ್ದಾರಿಗಳು, ಒಂದು ಲೇನು ತೆಗೆಯಬೇಕಾದರೂ ರಾಜ್ಯ ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಅಂಥ ಕಡೆ ಕನಿಷ್ಠ ದಾಟುವ ಸಿಗ್ನಲ್ಲು, ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ, ಅಂಗಡಿಗೊಂದರಂತೆ ಇರುವ ಕಾರಿನ ಪ್ರವೇಶಗಳನ್ನು ಒಟ್ಟುಗೂಡಿಸುವುದು ಇಷ್ಟಾದರೂ ಆಗಬೇಕು.

ಕಡಿಮೆ ಅಂಗಡಿ, ಹೆಚ್ಚು ಮನೆ

ಮೂರು ಮೈಲಿ ಉದ್ದದ ಸ್ಟ್ರಿಪ್ಪನ್ನು ಪೂರ್ತಿ ಅಂಗಡಿಗಳಿಂದ ತುಂಬಿಸುವ ಆಸೆ ಬಿಡಬೇಕು. ಅಷ್ಟು ಗಿರಾಕಿಗಳೇ ಇಲ್ಲ. ದೊಡ್ಡ ಕೂಡುರಸ್ತೆಗಳಲ್ಲಿ ಅಂಗಡಿಗಳನ್ನು ಒತ್ತಾಗಿ ಸೇರಿಸಿ, ನಡುವಿನ ಉದ್ದವನ್ನು ಮನೆ, ಕ್ಲಿನಿಕ್ಕು, ಶಾಲೆಗೆ ಬಿಟ್ಟುಕೊಡಬೇಕು. ಆ ಮನೆಗಳಿಂದ ನಡೆದು ಬರುವ ಜನರೇ ಅಂಗಡಿಗೆ ಆಧಾರ. ಮಸಾಚುಸೆಟ್ಸ್‌ನ ಮ್ಯಾಶ್‌ಪೀಯಲ್ಲಿ 1986ರಿಂದ ಹಳೆಯ ಸ್ಟ್ರಿಪ್ ಒಂದರ ಪಾರ್ಕಿಂಗ್ ಬಯಲಿನಲ್ಲೇ ಬೀದಿಗಳನ್ನು ಹಾಕಿ, ಅಂಗಡಿಯ ಮೇಲೆ ಮನೆ ಕಟ್ಟಿ ಊರಿನ ನಡುಭಾಗವನ್ನೇ ಹೊಸದಾಗಿ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ 2023ರ ಜುಲೈನಿಂದ ಜಾರಿಗೆ ಬಂದ ಕಾನೂನು, ಷರತ್ತುಗಳನ್ನು ಪೂರೈಸಿದರೆ, ವಾಣಿಜ್ಯ ರಸ್ತೆಗಳ ಜಮೀನಿನಲ್ಲಿ ಮನೆ ಕಟ್ಟಲು ವಿಶೇಷ ವಿಚಾರಣೆಯಿಲ್ಲದೆ ಅನುಮತಿ ಕೊಡುತ್ತದೆ.

ಮೊದಲು ಇರುವವರು

ಒಳ್ಳೆಯ ಅಂಗಡಿ ಎಂದರೆ ಯಾರಿಗೆ ಒಳ್ಳೆಯದು? ಅಟ್ಲಾಂಟಾದ ಈಶಾನ್ಯಕ್ಕೆ ಹೋಗುವ ಬ್ಯೂಫರ್ಡ್ ಹೈವೇಯಲ್ಲಿ ಸ್ಥಳೀಯರು ಬಿಟ್ಟುಹೋದ ಅಂಗಡಿ ಸಾಲುಗಳನ್ನು ವಿಯೆಟ್ನಾಂ, ಕೊರಿಯಾ, ಚೀನಾ, ಮೆಕ್ಸಿಕೋದಿಂದ ಬಂದ ಕುಟುಂಬಗಳು ಹಿಡಿದವು. ಅಗ್ಗದ ಬಾಡಿಗೆ, ಮಾಸಿದ ಬೋರ್ಡು. ಇಂದು ಅಲ್ಲಿನ ಊಟಕ್ಕೆ ಇಡೀ ನಗರ ಬರುತ್ತದೆ. ಹೊರಗಿನಿಂದ ನೋಡಿ ‘ಪಾಳುಬಿದ್ದ ಸಾಲು’ ಎಂದು ಹಣೆಪಟ್ಟಿ ಹಚ್ಚಿ ಕೆಡವಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಮಿನೆಸೋಟದ ಬ್ರೇನರ್ಡ್ ಊರಿನಲ್ಲಿ ಎಂಜಿನಿಯರ್ ಚಾರ್ಲ್ಸ್ ಮರೋನ್ ತೆರಿಗೆ ದಾಖಲೆ ತೆಗೆದು ತೋರಿಸಿದ್ದೂ ಇಂಥದ್ದೇ: ಸಣ್ಣಪುಟ್ಟ ಹಳೆಯ ಅಂಗಡಿಗಳ ಒಂದು ಬ್ಲಾಕಿನ ಒಟ್ಟು ಬೆಲೆ ಸುಮಾರು 11 ಲಕ್ಷ ಡಾಲರ್, ಅಷ್ಟೇ ಜಾಗದಲ್ಲಿ ಹಳೆಯದನ್ನು ಕೆಡವಿ ಕಟ್ಟಿದ ಹೊಚ್ಚಹೊಸ ಫಾಸ್ಟ್‌ಫುಡ್ ಅಂಗಡಿಯದು ಸುಮಾರು 8 ಲಕ್ಷ.

ಇರುವ ವ್ಯಾಪಾರಿಗಳನ್ನು ಒಗ್ಗೂಡಿಸಲು ಒಂದು ಗಟ್ಟಿ ವ್ಯವಸ್ಥೆ ಬೇಕು. ಅದು ಹುಟ್ಟಿದ್ದು ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಬೀದಿಯಲ್ಲಿ. 1960ರ ದಶಕದ ಕೊನೆಯಲ್ಲಿ ನೆಲದಡಿ ರೈಲು ಬಂದು ಬೀದಿಯ ಮೇಲಿನ ಜನರನ್ನು ಕೆಳಗೆ ಕರೆದೊಯ್ದಿತು, ಮಾಲುಗಳೂ ಎಳೆದುಕೊಂಡವು. ವ್ಯಾಪಾರಿಗಳ ಸಂಘ ಇತ್ತು, ಆದರೆ ಚಂದಾ ಕೊಡುವವರು ಕೆಲವರು, ಅನುಕೂಲ ಪಡೆಯುವವರು ಎಲ್ಲರೂ. ಎಲ್ಲರಿಂದಲೂ ಕಡ್ಡಾಯವಾಗಿ ಒಂದು ಸಣ್ಣ ಸೆಸ್ ವಸೂಲಿ ಮಾಡಿ, ಅದನ್ನು ವ್ಯಾಪಾರಿಗಳ ಮಂಡಳಿಗೇ ಕೊಡುವ ಕಾನೂನನ್ನು ಅವರು ಕೇಳಿ ಪಡೆದರು. 1970ರಲ್ಲಿ ಜಗತ್ತಿನ ಮೊದಲ ವ್ಯಾಪಾರ ಸುಧಾರಣಾ ಪ್ರದೇಶ ಹೀಗೆ ಶುರುವಾಯಿತು. ಮರ, ಬೆಂಚು, ದೀಪ, ಕಸ ಗುಡಿಸುವುದು, ಹಬ್ಬ, ಎಲ್ಲ ಆ ಹಣದಿಂದಲೇ. ಇಲ್ಲಿ ದೀಪದ ಕಂಬ ಕೆಲಸ ಮಾಡಿತು, ಯಾಕೆಂದರೆ ಅದನ್ನು ನೋಡಿಕೊಳ್ಳುವ ಕೈಗಳು ಪಕ್ಕದ ಬಾಗಿಲಲ್ಲೇ ಇದ್ದವು.

ಹೊರಗಿನ ಅಂಗಡಿಗಳನ್ನು ಕರೆಯುವ ಕೆಲಸ ಇದಾದ ಮೇಲೆ ಬರಲಿ. ದೊಡ್ಡ ಚೈನ್ ಕಂಪನಿಗಳು ನೋಡುವುದು ಸುತ್ತ ಮೂರು ಮೈಲಿಯೊಳಗೆ ಎಷ್ಟು ಮನೆ, ಸರಾಸರಿ ಆದಾಯ ಎಷ್ಟು, ದಿನಕ್ಕೆ ಎಷ್ಟು ವಾಹನ, ಸಂಜೆ ಮನೆಗೆ ಮರಳುವವರ ಬದಿಗೆ ಅಂಗಡಿ ಇದೆಯೇ ಎಂಬುದನ್ನು. ಬಡವರ ಬಡಾವಣೆಗಳು ಇಲ್ಲಿ ಸೋಲುತ್ತವೆ. ಆದರೆ ಮನೆಗೊಂದರ ಆದಾಯ ಕಡಿಮೆಯಿದ್ದರೂ ಒಂದೇ ಚದರ ಮೈಲಿಯಲ್ಲಿ ಹೆಚ್ಚು ಮನೆಗಳಿದ್ದರೆ ಅಲ್ಲಿ ಖರ್ಚಾಗುವ ಒಟ್ಟು ಹಣ ಶ್ರೀಮಂತ ಉಪನಗರಕ್ಕಿಂತ ಹೆಚ್ಚಿರಬಹುದು. ಹಾರ್ವರ್ಡಿನ ಮೈಕೆಲ್ ಪೋರ್ಟರ್ 1995ರಲ್ಲೇ ಇದನ್ನು ವಾದಿಸಿದ್ದರು. ಹಾಗಾಗಿ ಊರಿನವರು ತಮ್ಮ ಲೆಕ್ಕವನ್ನು ತಾವೇ ಬರೆದು ಕೊಂಡೊಯ್ಯಬೇಕು. ಜನ ಈಗ ಎಷ್ಟು ದೂರ ಹೋಗಿ ಏನು ಕೊಳ್ಳುತ್ತಿದ್ದಾರೆ ಎಂಬುದೂ ಅದರಲ್ಲಿರಬೇಕು. ರಾಷ್ಟ್ರಮಟ್ಟದ ಕಂಪನಿಗಿಂತ, ಪಕ್ಕದ ಊರಿನಲ್ಲಿ ಒಂದು ಅಂಗಡಿ ಚೆನ್ನಾಗಿ ನಡೆಸುತ್ತ ಎರಡನೆಯದಕ್ಕೆ ಜಾಗ ಹುಡುಕುತ್ತಿರುವವರು ಬೇಗ ಒಪ್ಪುತ್ತಾರೆ ಎಂಬುದು ನನ್ನ ಬಲವಾದ ನಂಬಿಕೆ.

ಇಷ್ಟೆಲ್ಲ ಕೈಗೂಡಿದರೆ ಬಾಡಿಗೆ ಏರುತ್ತದೆ. ಕಷ್ಟಕಾಲದಲ್ಲಿ ಸಾಲನ್ನು ಹಿಡಿದು ನಿಲ್ಲಿಸಿದವರೇ ಆಗ ಹೊರಬೀಳುವ ಅಪಾಯ ಇದೆ. ಸುಧಾರಣೆ ಶುರುವಾಗುವ ಮೊದಲೇ ಅವರಿಗೆ ದೀರ್ಘ ಕರಾರು, ನವೀಕರಣದ ಹಕ್ಕು ಬರೆಸಿಕೊಡಬೇಕು; ಮುಂಭಾಗ ದುರಸ್ತಿಗೆ ಸರ್ಕಾರದ ಹಣ ಪಡೆಯುವ ಮಾಲೀಕನಿಗೆ ಇದನ್ನೇ ಷರತ್ತಾಗಿ ಹಾಕಬಹುದು. ಒಡೆತನವನ್ನೇ ಹಂಚುವ ದಾರಿಯೂ ಇದೆ. ಆರೆಗನ್‌ನ ಪೋರ್ಟ್‌ಲ್ಯಾಂಡ್ ನಗರದ ಪೂರ್ವದಲ್ಲಿ ‘ಪ್ಲಾಜಾ 122’ ಎಂಬ ಹಳೆಯ ಅಂಗಡಿ ಸಂಕೀರ್ಣವನ್ನು ಮರ್ಸಿ ಕೋರ್ ಎಂಬ ನೆರವು ಸಂಸ್ಥೆ 2014ರಲ್ಲಿ ಕೊಂಡಿತು. ಸುತ್ತಲಿನ ನಾಲ್ಕು ಪಿನ್‌ಕೋಡ್‌ಗಳ ನಿವಾಸಿಗಳು, ಅವರಲ್ಲಿ ಹಲವರು ವಲಸಿಗರು, ತಿಂಗಳಿಗೆ 10ರಿಂದ 100 ಡಾಲರ್ ಹಾಕಿ ಅದರ ಪಾಲುದಾರರಾಗಬಹುದು. ಸೇರುವ ಮೊದಲು ಹಣಕಾಸಿನ ಒಂದು ಸಣ್ಣ ತರಗತಿಗೆ ಕೂರಬೇಕು. ಹೂಡಿದ ಹಣ ಮುಳುಗದಂತೆ ಬ್ಯಾಂಕಿನ ಖಾತರಿಪತ್ರ ಇದೆ. ಕಟ್ಟಡದ ಬಾಡಿಗೆಯಿಂದ ಬಂದ ಲಾಭದ ಪಾಲು ವರ್ಷಕ್ಕೊಮ್ಮೆ ಅವರ ಕೈಸೇರುತ್ತದೆ.